ಸಪ್ತರ್ಷಿಗಳ ಬಳಿ ಸಿಡಿದ ನಕ್ಷತ್ರ: ನನ್ನ ಅನುಭವ

2023ರ ಮೇ 19ರಂದು ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇಟಗಾಕಿ ಅವರು ಎಂ 101 ಗೆಲಾಕ್ಸಿಯಲ್ಲಿ ಸೂಪರ್‌ನೋವಾ (ಸಿಡಿದ ನಕ್ಷತ್ರ) ಒಂದನ್ನು ಗುರುತಿಸಿದ ಸುದ್ದಿ ತಿಳಿದೊಡನೆ ನಾನು ಹುಡುಕಿ ತೆಗೆದದ್ದು, ಅದೇ ಏಪ್ರಿಲಿನಲ್ಲಿ ನಾನೇ ತೆಗೆದಿಟ್ಟಿದ್ದ ಆ ಗೆಲಾಕ್ಸಿಯ ಚಿತ್ರವನ್ನು. ಹೊಸ ಚುಕ್ಕಿ ಯಾವುದೆಂದು ಹೇಳಬೇಕಾದರೆ ಅಲ್ಲಿ ಮೊದಲು ಏನಿತ್ತೆಂಬುದು ಗೊತ್ತಿರಬೇಕು.

ಎರಡು ಸಂಜೆ ಮೋಡ ಬಿಡಲಿಲ್ಲ. 22ರಂದು ತದಿಗೆಯ ಚಂದ್ರ ಮುಳುಗಿದ ಮೇಲೆ ಚಿತ್ರದುರ್ಗದ ಬಳಿಯ ತೋಟದಲ್ಲಿ ಎಂಟು ಇಂಚಿನ ದೂರದರ್ಶಕವನ್ನು ನಿಲ್ಲಿಸಿದೆ. ಧ್ರುವನಕ್ಷತ್ರ ನಮ್ಮಲ್ಲಿ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲಿರುವುದರಿಂದ ತೆಂಗಿನ ಮರಗಳು ಅದನ್ನು ಮರೆಮಾಡುತ್ತಿದ್ದವು. ಸ್ಟ್ಯಾಂಡನ್ನು ಎರಡು ಬಾರಿ ಬೇರೆಡೆಗೆ ಸರಿಸಿದ ಮೇಲೆಯೇ, ದೂರದರ್ಶಕ ಆಕಾಶದ ಚಲನೆಯನ್ನು ಹಿಂಬಾಲಿಸುವಂತೆ, ಅದರ ಅಕ್ಷವನ್ನು ಧ್ರುವಕ್ಕೆ ಹೊಂದಿಸಲು ಸಾಧ್ಯವಾಯಿತು.

ಮರೀಚಿ ಮತ್ತು ವಸಿಷ್ಠ ನಕ್ಷತ್ರಗಳ ಜೊತೆ ತ್ರಿಕೋನವಾಗುವಂತೆ ಎಂ 101 ಇದೆ. 2.1 ಕೋಟಿ ಜ್ಯೋತಿರ್ವರ್ಷ ದೂರದ ಆ ಗೆಲಾಕ್ಸಿ ಐಪೀಸಿನಲ್ಲಿ ಉಸಿರು ತಾಗಿದ ಗಾಜಿನಂತೆ ಮಸುಕಾಗಿತ್ತು. ಅದರ ಅಂಚಿನಲ್ಲಿ ಕಂಡ ಮಂದ ಗಂಟೊಂದನ್ನೇ ಸೂಪರ್‌ನೋವಾ ಎಂದು ನಾನು ಮೊದಲು ಬರೆದುಕೊಂಡಿದ್ದೆ. ಹಳೆಯ ಚಿತ್ರದಲ್ಲೂ ಅದು ಇತ್ತು. ಅದು ಎನ್‌ಜಿಸಿ 5461 ಎಂಬ ಅನಿಲಮೋಡ. ಅದರ ಪಕ್ಕದಲ್ಲಿ, ಏಪ್ರಿಲಿನ ಚಿತ್ರದಲ್ಲಿ ಖಾಲಿಯಿದ್ದ ಜಾಗದಲ್ಲಿ, ಮೊನಚಾದ ಚುಕ್ಕಿಯೊಂದು ಓರೆನೋಟದ (ಮಂದ ಕಾಯವನ್ನು ಕಣ್ಣಂಚಿನಿಂದ ನೋಡುವ ವಿಧಾನದ) ಅಗತ್ಯವೇ ಇಲ್ಲದಷ್ಟು ಸ್ಪಷ್ಟವಾಗಿ ಮಿನುಗುತ್ತಿತ್ತು. ಒಂದು ಕೆಂಪು ಮಹಾದೈತ್ಯ ನಕ್ಷತ್ರದ ಒಡಲು ಕುಸಿದು ಹೊಮ್ಮಿದ ಬೆಳಕು ಅದೆಂದು ತಿಳಿದು ನೋಡುವಾಗ ಮೈ ಜುಮ್ಮೆಂದಿತು.

ಕ್ಯಾಮೆರಾದಲ್ಲಿ 30 ಸೆಕೆಂಡಿನ 40 ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಜೋಡಿಸಿದೆ. ಊರಿನ ದೀಪಗಳ ಹೊಳಪು ಉತ್ತರದಲ್ಲಿ ಹರಡಿದ್ದರಿಂದ ಇನ್ನೂ ದೀರ್ಘ ಎಕ್ಸ್‌ಪೋಷರ್ ಕೊಟ್ಟಿದ್ದರೆ ಹಿನ್ನೆಲೆ ಬೆಳ್ಳಗಾಗುತ್ತಿತ್ತು. ಆದರೆ ನನ್ನ ಮಟ್ಟಿಗೆ ಚಿತ್ರಕ್ಕಿಂತ ಮುಖ್ಯವಾದದ್ದು ಕಾಂತಿಮಾನದ, ಅಂದರೆ ಹೊಳಪನ್ನು ಸೂಚಿಸುವ ಸಂಖ್ಯೆಯ, ಅಂದಾಜು. ಸೂಪರ್‌ನೋವಾಕ್ಕಿಂತ ತುಸು ಪ್ರಕಾಶಮಾನವಾದ ಒಂದು ನಕ್ಷತ್ರ, ತುಸು ಮಂದವಾದ ಇನ್ನೊಂದು, ಇವೆರಡರ ನಡುವೆ ಅದನ್ನು ಇಟ್ಟು ನೋಡಿ ಸುಮಾರು 11 ಎಂದು, ಸಾರ್ವತ್ರಿಕ ಸಮಯದ (ಜಗತ್ತಿನ ಎಲ್ಲ ವೀಕ್ಷಕರೂ ಬಳಸುವ ಏಕರೂಪದ ಸಮಯದ) ಜೊತೆ ಬರೆದುಕೊಂಡೆ. ಪತ್ತೆಯಾದಾಗ ಅದು 15ರ ಆಸುಪಾಸಿನಲ್ಲಿತ್ತು. ಸಂಖ್ಯೆ ಇಳಿದಷ್ಟೂ ಬೆಳಕು ಹೆಚ್ಚು.

ಸ್ಫೋಟದ ಮೊದಲ ಗಂಟೆಗಳ ಏರಿಕೆಯನ್ನು ವಿಜ್ಞಾನಿಗಳು ಅರಿತದ್ದರಲ್ಲಿ, ಪತ್ತೆಯಾಗುವ ಮೊದಲೇ ಹವ್ಯಾಸಿಗಳು ತೆಗೆದಿದ್ದ ಚಿತ್ರಗಳ ಪಾಲೂ ಇದೆ. ಹೊಸಕೋಟೆಯಿಂದ ನಿಯಂತ್ರಿಸಲಾಗುವ, ಲಡಾಖಿನ ಹಾನ್ಲೆಯಲ್ಲಿರುವ ಚಂದ್ರ ದೂರದರ್ಶಕವೂ ಇದೇ ನಕ್ಷತ್ರವನ್ನು ಗಮನಿಸಿತ್ತು. ತೆಗೆದ ಸಮಯ ದಾಖಲಾಗದ ಸುಂದರ ಚಿತ್ರ ಅಂಥ ಕೆಲಸಕ್ಕೆ ಒದಗುವುದಿಲ್ಲವೆಂದು ಜೊತೆಯ ವೀಕ್ಷಕರಿಗೆ ನಾನು ಪದೇಪದೇ ಹೇಳುತ್ತೇನೆ. ಜೂನಿನಲ್ಲಿ ಮುಂಗಾರು ಕವಿಯುವ ಮೊದಲು ಇನ್ನು ನಾಲ್ಕು ರಾತ್ರಿ ಆಕಾಶ ತೆರೆಯಿತು. ನನ್ನ ಪುಸ್ತಕದಲ್ಲಿ ಅದರ ಐದು ದಾಖಲೆಗಳಿವೆ.