ಗಿಟಾರ್ ಆಂಪ್: ಫ್ಯಾನ್ ಸದ್ದು ಅಡಗಿತು, ಸ್ಪೀಕರ್ ಬಾಕ್ಸ್ ಹೊಂದಿತು

ಕುಂಬಳೆ ಕಡೆಯ ಭಜನಾ ಮಂದಿರದ ಟ್ರಾನ್ಸಿಸ್ಟರ್ ಆಂಪ್ (ಆಂಪ್ಲಿಫೈಯರ್) ಇದು. ಹಾಡು ನಿಂತರೆ ಫ್ಯಾನಿನದ್ದೇ ಸದ್ದು. ಬಿಚ್ಚುವ ಮೊದಲು ಪ್ಲಗ್ ಕಿತ್ತು, ವಿದ್ಯುತ್ ಹಿಡಿದಿಡುವ ದೊಡ್ಡ ಕೆಪಾಸಿಟರ್‌ಗಳ ವೋಲ್ಟೇಜ್ ಪೂರ್ತಿ ಇಳಿದಿದೆಯೇ ಎಂದು ಮೀಟರಿನಲ್ಲಿ ನೋಡಿಕೊಳ್ಳಿ.

ಕಡಲ ಗಾಳಿಯ ತೇವಕ್ಕೆ ಕೆಂಪು ಧೂಳು ರೆಕ್ಕೆಗಳ ಅಂಚಿಗೆ ಗಟ್ಟಿಯಾಗಿ ಅಂಟಿತ್ತು, ಅದೂ ಒಂದೇ ಕಡೆ. ತೂಕ ತಪ್ಪಿ ನಡುಗಲು ಅಷ್ಟು ಸಾಕು. ಬ್ರಷ್ಷಿನಿಂದ ತೆಗೆದ ಮೇಲೂ ಗರಗರ ಉಳಿದರೆ ಬೇರಿಂಗ್ ಸವೆದಿದೆ. ಎಣ್ಣೆ ಬಿಡುವುದು ತಾತ್ಕಾಲಿಕ ಉಪಾಯ ಅಷ್ಟೆ. 80 ಮಿ.ಮೀ., 12 ವೋಲ್ಟ್, 0.15 ಆಂಪಿಯರ್‌ನ ಹೊಸ ಫ್ಯಾನ್ ಕೂರಿಸಿ, ಅದರ ಕೆಂಪು ತಂತಿಗೆ 47 ಓಮ್, 2 ವಾಟ್ ರೆಸಿಸ್ಟರ್ (ವಿದ್ಯುತ್ ಹರಿವು ತಡೆಯುವ ಬಿಡಿಭಾಗ) ಸೀರೀಸ್‌ನಲ್ಲಿ ಬೆಸೆದೆ. ಫ್ಯಾನಿಗೆ ಸುಮಾರು 7.5 ವೋಲ್ಟ್ ಸಿಗುತ್ತದೆ, ಸದ್ದು ಬಹುಪಾಲು ಇಳಿಯುತ್ತದೆ. ಸ್ಕ್ರೂ ಬದಲು ರಬ್ಬರ್ ಪಿನ್ ಹಾಕಿದರೆ ತಗಡಿನ ಗುಂಯ್‌ಗುಡುವಿಕೆಯೂ ಹೋಗುತ್ತದೆ. ಗಾಳಿಯ ದಿಕ್ಕು ಮೊದಲಿದ್ದಂತೆಯೇ ಇರಲಿ. ಸ್ವಿಚ್ ಹಾಕಿದಾಗಲೆಲ್ಲ ಫ್ಯಾನ್ ತಾನಾಗಿ ತಿರುಗಬೇಕು. ತಡವರಿಸಿದರೆ 33 ಓಮ್‌ಗೆ ಇಳಿಸಿ. ಏಪ್ರಿಲ್ ಸೆಕೆಯಲ್ಲಿ ಒಂದು ಗಂಟೆ ಜೋರಾಗಿ ನುಡಿಸಿ, ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಬಿಸಿ ಪರೀಕ್ಷಿಸದೆ ಮುಚ್ಚಳ ಬಿಗಿಯಬೇಡಿ.

ಇನ್ನು ಸ್ಪೀಕರ್ ಬಾಕ್ಸ್. ಓಮ್ ಎಂದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಎರಡು 8 ಓಮ್ ಬಾಕ್ಸ್ ಪ್ಯಾರಲಲ್ (ಅಕ್ಕಪಕ್ಕ ಸಮಾನಾಂತರವಾಗಿ) ಜೋಡಿಸಿದರೆ ಒಟ್ಟು 4 ಓಮ್. ಆಂಪ್ ಹಿಂದೆ ‘ಕನಿಷ್ಠ 4’ ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ, ಇನ್ನೊಂದು ಬಾಕ್ಸ್ ಸೇರಿಸಬೇಡಿ. 8ರ ಜೊತೆ 16 ಸೇರಿದರೆ 5.3 ಓಮ್, ಆಂಪಿಗೆ ತೊಂದರೆಯಿಲ್ಲ, ಆದರೆ 8ರ ಬಾಕ್ಸಿಗೆ 16ರದ್ದರ ಇಮ್ಮಡಿ ಪವರ್ ಹೋಗುತ್ತದೆ. ಚೀಟಿ ಹರಿದಿದ್ದರೆ ಮೀಟರ್ ಹಿಡಿಯಿರಿ: 8 ಓಮ್ ಸ್ಪೀಕರ್ 6ರ ಆಸುಪಾಸು ತೋರಿಸುತ್ತದೆ. ಒಟ್ಟಿಗೆ ಹಾಕಿದಾಗ ಬಾಸ್ ಸೊರಗಿದರೆ ಒಂದರ ತಂತಿ ತಿರುಗುಮುರುಗಾಗಿದೆ. 1.5 ವೋಲ್ಟ್ ಸೆಲ್ ಮುಟ್ಟಿಸಿ, ಎರಡರ ಕೋನ್ ಒಂದೇ ಕಡೆಗೆ ಜಿಗಿಯಬೇಕು.