ಕಡಕ್‌ನಾಥ್ ಕೋಳಿಯ ತಳಿ ಕೆಡದಂತೆ ಸಾಕುವ ಬಗೆ

ಮಧ್ಯಪ್ರದೇಶದ ಝಾಬುವಾ ಮತ್ತು ಅಲಿರಾಜಪುರ ಸೀಮೆಯ ಭಿಲ್ ಹಾಗೂ ಭಿಲಾಲ ಸಮುದಾಯದವರು ತಲೆಮಾರುಗಳಿಂದ ಹಿತ್ತಲಲ್ಲಿ ಸಾಕಿಕೊಂಡು ಬಂದಿರುವ ಕಡಕ್‌ನಾಥ್‌ಗೆ ಅಲ್ಲಿ ‘ಕಾಲಾಮಾಸಿ’, ಅಂದರೆ ಕಪ್ಪು ಮಾಂಸದ ಕೋಳಿ ಎಂಬ ಹೆಸರಿದೆ. 2018ರಲ್ಲಿ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಹೆಸರಾದ ತಳಿಗೆ ಬೆರಕೆಯ ಕಾಟ ತಪ್ಪಿದ್ದಲ್ಲವಾದ್ದರಿಂದ, ಗೂಡು ಕಟ್ಟುವುದಕ್ಕಿಂತ ಮೊದಲು ಕೋಳಿಯನ್ನು ಗುರುತಿಸಲು ಕಲಿಯಬೇಕು.

ಕೊಕ್ಕು, ಕಾಲು ಮತ್ತು ಚರ್ಮ ಸ್ಲೇಟಿನಂಥ ಕಡುಬೂದು ಬಣ್ಣಕ್ಕಿರಬೇಕು. ಜುಟ್ಟು ನೇರಳೆಗೆ ತಿರುಗಿರಬೇಕು. ಕೊಕ್ಕು ಬಿಡಿಸಿ ನೋಡಿದರೆ ನಾಲಿಗೆಯೂ ಕಪ್ಪಾಗಿ ಕಾಣಬೇಕು. ಗರಿ ಮಾತ್ರ ಕಡುಗಪ್ಪೇ ಆಗಬೇಕೆಂದಿಲ್ಲ, ಕುತ್ತಿಗೆಯಲ್ಲಿ ಬೆಳ್ಳಿ ಅಥವಾ ಹೊನ್ನಿನ ಗೆರೆಗಳಿರುವ ಬಗೆಗಳೂ ಇವೆ. ಮೊಟ್ಟೆ ತಿಳಿಗಂದು ಬಣ್ಣದ್ದು; ಕಪ್ಪು ಮೊಟ್ಟೆಯ ಚಿತ್ರ ತೋರಿಸಿ ಮಾರುವವರ ಹತ್ತಿರ ವ್ಯವಹಾರವೇ ಬೇಡ.

ಆದರೆ ಬಣ್ಣವೊಂದೇ ಸಾಕ್ಷಿಯಲ್ಲ. ಚರ್ಮವನ್ನು ಕಪ್ಪಾಗಿಸುವ ಗುಣ ಪ್ರಬಲವಾದುದು, ಅದನ್ನು ತಡೆಯುವ ಇನ್ನೊಂದು ಗುಣ ಲಿಂಗವರ್ಣತಂತುವಿನಲ್ಲಿ, ಅಂದರೆ ಮರಿ ಗಂಡೋ ಹೆಣ್ಣೋ ಎಂದು ನಿರ್ಧರಿಸುವ ತಂತುವಿನಲ್ಲಿದೆ. ಹಳದಿ ಕಾಲಿನ ಹೇಂಟೆಯಲ್ಲಿರುವ ಈ ತಡೆಯುವ ಗುಣ ಅದರ ಗಂಡುಮರಿಗಳಿಗಷ್ಟೇ ದಾಟುತ್ತದೆ. ಹೀಗಾಗಿ ಕಡಕ್‌ನಾಥ್ ಹುಂಜವನ್ನು ಹಳದಿ ಕಾಲಿನ ಹೇಂಟೆಗೆ ಬಿಟ್ಟರೆ ಸಾಮಾನ್ಯವಾಗಿ ಗಂಡುಮರಿಗಳ ಕಪ್ಪು ಮಾಸುತ್ತದೆ, ಹೆಣ್ಣುಮರಿಗಳು ಮಾತ್ರ ಅಪ್ಪನಂತೆಯೇ ಕಪ್ಪಾಗಿ ಬೆಳೆಯುತ್ತವೆ. ಕಪ್ಪು ಹೇಂಟೆಗಳನ್ನಷ್ಟೇ ಮುಂದಿಟ್ಟು ಶುದ್ಧತಳಿ ಎಂದರೆ ನಂಬದೆ, ಅವುಗಳ ಒಡಹುಟ್ಟಿದ ಹುಂಜಗಳನ್ನೂ ತಂದೆತಾಯಿಯನ್ನೂ ತೋರಿಸಲು ಕೇಳಿ.

ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು, ಅದು ಬೇರೆ ಹಿಂಡಿನದಾಗಿದ್ದರೆ ಒಳಸಂಬಂಧದ ದೋಷ ತಗ್ಗುತ್ತದೆ. ಬೇರೆ ತಳಿಯ ಹುಂಜದೊಡನೆ ಅಡ್ಡಾಡಿದ ಹೇಂಟೆಯನ್ನು ತಂದ ಕೂಡಲೇ ಅದರ ಮೊಟ್ಟೆ ಕಾವಿಗಿಡಬಾರದು. ಹಳೆಯ ಹುಂಜದ ವೀರ್ಯ ಅದರ ಒಡಲಲ್ಲಿ ಎರಡು ಮೂರು ವಾರ ಉಳಿಯಬಲ್ಲದು.

ಕಡಕ್‌ನಾಥ್ ಹೇಂಟೆಗಳು ಕಾವಿಗೆ ಕೂರುವುದರಲ್ಲಿ ಸೋಮಾರಿಗಳು, ಆದ್ದರಿಂದ ಮೊಟ್ಟೆಗಳನ್ನು ನಂಬಿಕಸ್ತ ನಾಟಿ ಹೇಂಟೆಯ ಅಡಿಗೆ ಇಡುವುದು ವಾಸಿ. 21 ದಿನಕ್ಕೆ ಹೊರಬರುವ ಮರಿಗಳ ಬೆನ್ನ ಮೇಲೆ ನೀಲಿಗಪ್ಪು ತುಪ್ಪಳದ ನಡುವೆ ಅಡ್ಡಾದಿಡ್ಡಿ ಗೆರೆಗಳು ಕಾಣುತ್ತವೆ. ಯಂತ್ರದಲ್ಲಿ ಒಡೆಸಿದ ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಕೊಟ್ಟು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಮೊದಲ ವಾರದಲ್ಲೇ ಹಾಕಿಸಿ, ಪ್ರತಿ ಮರಿಯ ಕಾಲಿಗೆ ಸಂಖ್ಯೆಯಿರುವ ಬಳೆ ತೊಡಿಸಿ, ಅದರ ತಂದೆತಾಯಿಯ ಬಳೆಯ ಸಂಖ್ಯೆಯನ್ನು ಅಂದೇ ಪುಸ್ತಕದಲ್ಲಿ ಬರೆದಿಡಿ.