ವೆಲ್ಡಿಂಗ್ ಅಂಗಡಿಯ ರೆಗ್ಯುಲೇಟರಿನಲ್ಲಿ ಮೂರು ನಲ್ಲಿ: ಪುಣೆಯ ನನ್ನ ಡ್ರಾಫ್ಟ್ ಸೆಟಪ್

ಮನೆಯಲ್ಲೇ ನಲ್ಲಿ ತಿರುಗಿಸಿ ಬಿಯರ್, ಸೋಡಾ ಹಿಡಿಯಲು ಮೂರು ಕೆಗ್ (ಪಾನೀಯ ತುಂಬಿಡುವ ಮುಚ್ಚಿದ ಪಾತ್ರೆ), ಮೂರು ಬೇರೆ ಬೇರೆ ಒತ್ತಡ, ಅದನ್ನು ತಳ್ಳುವ ಸಿಒ2 (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಒಂದೇ. ಸಿಲಿಂಡರಿನ ಒತ್ತಡ ಇಳಿಸಿ ಕೊಡಲು ಮೂರು ಬಾಡಿ ಜೋಡಿಸಿದ ವಿದೇಶಿ ಬಿಯರ್ ರೆಗ್ಯುಲೇಟರೇ ಆಗಬೇಕು, ವೆಲ್ಡಿಂಗ್ ಅಂಗಡಿಯ ಮಾಲು ಆಗಿಬರುವುದಿಲ್ಲ ಎಂದು ಪುಣೆಯಲ್ಲಿ ನನಗೆ ಹೇಳದವರಿಲ್ಲ. ಏಪ್ರಿಲ್ ಬಿಸಿಲು ದಾಟಿತು, ಮಳೆಗಾಲವೂ ಮುಗಿಯಿತು, ಮೂರೂ ಗೇಜಿನ ಮುಳ್ಳು ಇಟ್ಟಲ್ಲೇ ಇದೆ. ಹೇಳಿದವರೇ ಈಗ ಪಾರ್ಟುಗಳ ಪಟ್ಟಿ ಕೇಳುತ್ತಿದ್ದಾರೆ.

ಮೊದಲು ಬೇಡದ್ದು. ಪುಣೆಯ ಕಾರ್ಖಾನೆ ಪ್ರದೇಶ ಭೋಸರಿ ಕಡೆ ಸಿಒ2 ರೆಗ್ಯುಲೇಟರ್ ಎಂದು ಕೇಳಿದರೆ ಕೈಗೆ ಬರುವುದು ಮಿಗ್ ವೆಲ್ಡಿಂಗಿನದು: ಕೊಳವೆಯೊಳಗೆ ಗುಂಡು ಏಳುವ ಫ್ಲೋಮೀಟರ್, ಪಕ್ಕದಲ್ಲಿ ಕರೆಂಟಿನ ಹೀಟರ್. ಅದು ಹೊಂದಿಸುವುದು ನಿಮಿಷಕ್ಕೆ ಎಷ್ಟು ಲೀಟರ್ ಹೋಗಬೇಕೆಂದು. ಒತ್ತಡ ಕಾರ್ಖಾನೆಯಲ್ಲೇ ಕಟ್ಟಿಟ್ಟದ್ದು, ಸಾಮಾನ್ಯವಾಗಿ 3 ಬಾರಿನ (ಬಾರ್ ಎಂದರೆ ಒತ್ತಡದ ಅಳತೆ) ಮೇಲೆಯೇ. ನಮ್ಮ ಕೆಗ್ಗೋ ಮುಚ್ಚಿದ ಪಾತ್ರೆ. ನಾಬ್ ಎಷ್ಟೇ ಸಣ್ಣಗಿಟ್ಟರೂ ಬೆಳಗಾಗುವುದರೊಳಗೆ ಆ ಪೂರ್ತಿ ಒತ್ತಡಕ್ಕೆ ಬಂದು ನಿಲ್ಲುತ್ತದೆ, ನಲ್ಲಿಯಲ್ಲಿ ಬರೀ ನೊರೆ. ಹೀಟರೂ ದಂಡ, ಲೋಟ ತುಂಬುವ ಹರಿವಿಗೆ ರೆಗ್ಯುಲೇಟರ್ ಹೆಪ್ಪುಗಟ್ಟುವುದಿಲ್ಲ. ತರಬೇಕಾದದ್ದು ಎರಡು ಗೇಜಿನ, ನಾಬಿನಿಂದಲೇ ಒತ್ತಡ ಹೊಂದಿಸುವ ಮಾದರಿ. ಮುಂಬೈಗೆ ಹೋಗುವವರಿದ್ದರೆ ನಾಗದೇವಿ ಸ್ಟ್ರೀಟಿನಲ್ಲಿ ಆಯ್ಕೆ ಹೆಚ್ಚು.

ಅಡ್ಡಳತೆ ನೋಡುವ ವರ್ನಿಯರ್ ಜೇಬಿನಲ್ಲಿರಲಿ. ಸಿಲಿಂಡರ್ ವಾಲ್ವಿನಲ್ಲಿ ಅಮೆರಿಕದ ಮಾದರಿಯಾದ ಸಿಜಿಎ 320 ಥ್ರೆಡ್ 0.825 ಇಂಚು, ಅಂದರೆ 20.95 ಮಿ.ಮೀ. ಜರ್ಮನ್ ಡಬ್ಲ್ಯೂ 21.8 ಹೆಸರೇ ಹೇಳುವಂತೆ 21.8 ಮಿ.ಮೀ. ಎರಡಕ್ಕೂ ಇಂಚಿಗೆ 14 ಥ್ರೆಡ್. ಹಾಗಾಗಿ ದೊಡ್ಡ ನಟ್ ಸಣ್ಣ ವಾಲ್ವಿನ ಮೇಲೆ ಸಲೀಸಾಗಿ ತಿರುಗಿ ಕೂತಂತೆಯೇ ಅನಿಸುತ್ತದೆ. ಹಿಂದೆ 60 ಬಾರ್ ಇರುವಾಗ ಆ ಪರೀಕ್ಷೆ ಬೇಡ. ನಿಮ್ಮ ಸಿಲಿಂಡರಿನ ವಾಲ್ವ್ ಅಳೆದುಕೊಂಡೇ ಅಂಗಡಿಗೆ ಹೋಗಿ. ಈ ಜಾಯಿಂಟ್ ಹಿಡಿಯುವುದು ವಾಷರಿನಿಂದ, ಥ್ರೆಡ್ಡಿನಿಂದಲ್ಲ. ಟೆಫ್ಲಾನ್ ಟೇಪ್ ಸುತ್ತಬೇಡಿ, ರೀಫಿಲ್ ಆದಾಗಲೆಲ್ಲ ಹೊಸ ನೈಲಾನ್ ವಾಷರ್ ಹಾಕಿ. ಕಡಿಮೆ ಒತ್ತಡದ ಕಡೆ ಇನ್ನೊಂದು ಬಲೆ: ಕಾಲಿಂಚಿನ ಬಿಎಸ್‌ಪಿಗೆ (ಬ್ರಿಟಿಷ್ ಪೈಪ್ ಥ್ರೆಡ್) ಇಂಚಿಗೆ 19 ಥ್ರೆಡ್, ಅಮೆರಿಕದ ಎನ್‌ಪಿಟಿಗೆ 18. ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ, ಆಮೇಲೆ ಜನ್ಮವಿಡೀ ಸೋರುತ್ತದೆ. ಎಲ್ಲವನ್ನೂ ಬಿಎಸ್‌ಪಿಯಲ್ಲೇ ತೆಗೆದುಕೊಂಡೆ.

ವೆಲ್ಡಿಂಗ್ ರೆಗ್ಯುಲೇಟರಿನ ನಿಜವಾದ ಕೊರತೆ ಎರಡೇ. ಹೊರಗಿನ ಗೇಜ್ 10 ಅಥವಾ 16 ಬಾರಿನದು. ಈ ಮೊದಲ ಹಂತದಲ್ಲಿ ನಮಗೆ ಬೇಕಾದ 3 ಬಾರ್ ಅದರಲ್ಲಿ ಸರಿಯಾಗಿ ಓದಲು ಬರುವುದಿಲ್ಲ. ಅದನ್ನು ಬಿಚ್ಚಿ 0–4 ಬಾರಿನದು ಹಾಕಿದೆ. ಎರಡನೆಯದು ಅಪಾಯದ ವಿಷಯ: ನಾಬ್ ಪೂರ್ತಿ ತಿರುಗಿಸಿದರೆ 10 ಬಾರ್ ಹೊರಬರುತ್ತದೆ, ನಾವು ಬಳಸುವ ಕಾರ್ನಿ ಮಾದರಿಯ ಕೆಗ್ ತಾಳುವುದು 130 ಪಿಎಸ್‌ಐ (ಒತ್ತಡದ ಇನ್ನೊಂದು ಅಳತೆ), ಅಂದರೆ ಸುಮಾರು 9 ಬಾರ್. ಒಂದು ಗ್ಯಾಸ್ ಲೈನನ್ನು ಮೂರಾಗಿ ಹಂಚುವ ಮ್ಯಾನಿಫೋಲ್ಡಿನ ಮೇಲೆ, 4 ಬಾರಿಗೆ ಗ್ಯಾಸ್ ಹೊರಬಿಡುವ ರಿಲೀಫ್ ವಾಲ್ವ್ ಇಲ್ಲದೆ ಗ್ಯಾಸ್ ತೆರೆಯಲೇಬೇಡಿ. ಸಿಲಿಂಡರ್ ಕಡೆಯ ಗೇಜನ್ನು ಮುಟ್ಟುವ ಕೆಲಸವಿಲ್ಲ.

ಇನ್ನು ಉಳಿತಾಯದ ಜಾಗ. ಮ್ಯಾನಿಫೋಲ್ಡಿನಿಂದ ಪ್ರತಿ ಕೆಗ್ಗಿಗೆ ಒಂದೊಂದು ನ್ಯೂಮ್ಯಾಟಿಕ್ ರೆಗ್ಯುಲೇಟರ್, ಕಾರ್ಖಾನೆಗಳಲ್ಲಿ ಏರ್ ಲೈನಿಗೆ ಹಾಕುವ ಅದೇ ಸಾಮಾನು. ಕೇಳುವಾಗ ಎರಡು ಮಾತು ಒತ್ತಿ ಹೇಳಿ. ಒಂದು, 0–2 ಬಾರಿನ ಸ್ಪ್ರಿಂಗ್ ಬೇಕು, ಮಾಮೂಲಿ 8.5 ಬಾರಿನದರಲ್ಲಿ ನಾಬ್ ಕೂದಲೆಳೆ ತಿರುಗಿದರೂ ಬಿಯರ್ ಕೆಡುತ್ತದೆ. ಎರಡು, ನಾನ್-ರಿಲೀವಿಂಗ್ ಆಗಿರಬೇಕು. ಮಾಮೂಲಿಯದು ರಿಲೀವಿಂಗ್: ಆಚೆ ಒತ್ತಡ ಸ್ವಲ್ಪ ಹೆಚ್ಚಾದರೆ ಸಣ್ಣ ತೂತಿನಿಂದ ಹೊರಬಿಡುತ್ತದೆ. ಲೋಡ್‌ಶೆಡ್ಡಿಂಗಿನಲ್ಲಿ ಫ್ರಿಜ್ ಬಿಸಿಯಾಗಿ ಕೆಗ್ ಉಬ್ಬಿದರೆ ನಿಮ್ಮ ಗ್ಯಾಸೆಲ್ಲ ಅಡುಗೆಮನೆಗೆ. ಲೋಕಲ್ ಮಾಲು ಕೆಟ್ಟಿತು ಎಂದು ಬಯ್ದವರಲ್ಲಿ ಹೆಚ್ಚಿನವರು ತಂದದ್ದು ಇದನ್ನೇ. ಪ್ರತಿ ಲೈನಿಗೊಂದು ನಾನ್-ರಿಟರ್ನ್ ವಾಲ್ವ್ (ಹಿಂದಕ್ಕೆ ಹರಿಯಗೊಡದ್ದು) ಹೇಗೂ ಬೇಕು.

ಬೇಸಿಗೆಯಲ್ಲೂ ಮುಳ್ಳು ನಿಂತದ್ದು ಹೀಗೆ ಎರಡು ಹಂತದಲ್ಲಿ ಒತ್ತಡ ಇಳಿಸಿದ್ದರಿಂದಲೇ. ಒಂದೇ ಹಂತದ ರೆಗ್ಯುಲೇಟರಿನಲ್ಲಿ ಒಳಬರುವ ಒತ್ತಡ ಇಳಿದರೆ ಹೊರಹೋಗುವುದು ಏರುತ್ತದೆ. ಫ್ರಿಜ್ಜಿನೊಳಗೆ 4 ಡಿಗ್ರಿಯಲ್ಲಿ ಸಿಲಿಂಡರ್ 39 ಬಾರ್ ತೋರಿಸಿದರೆ, ಬಾಲ್ಕನಿಯ 38 ಡಿಗ್ರಿಯಲ್ಲಿ ತುಂಬಿದ ಸಿಲಿಂಡರ್ 80 ದಾಟುತ್ತದೆ. ಹಗಲು ಹೊಂದಿಸಿದ್ದು ರಾತ್ರಿಗೆ ಬೇರೆಯೇ. ನನ್ನಲ್ಲಿ ಮೊದಲನೆಯದನ್ನು 3 ಬಾರಿಗೆ ಬಿಟ್ಟಿದ್ದೇನೆ. ಅದರ ಏರಿಳಿತವನ್ನು ಎರಡನೆಯದು ನುಂಗಿಕೊಳ್ಳುತ್ತದೆ.

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಯಾವ ಉಷ್ಣತೆಗೆ ಎಷ್ಟು ಒತ್ತಡ ಎಂದು ಹೇಳುವ ಕಾರ್ಬೊನೇಷನ್ ಚಾರ್ಟಿನ ಲೆಕ್ಕಕ್ಕೆ 1 ಪಿಎಸ್‌ಐ ಸೇರಿಸಿಕೊಳ್ಳಿ. 4 ಡಿಗ್ರಿಯಲ್ಲಿ ಲಾಗರಿಗೆ 13 ಪಿಎಸ್‌ಐ, ಅಂದರೆ 0.9 ಬಾರ್, ವೀಟ್ ಬಿಯರಿಗೆ 1.1.

ಮೂರನೆಯ ಕೆಗ್ಗಿನಲ್ಲಿ ಪುನರ್ಪುಳಿ ಸೋಡಾ. ಇದಕ್ಕೆ ಮಾತ್ರ 4 ಬಾರಿನ ಸ್ಪ್ರಿಂಗ್ ಬೇಕಾಯಿತು, ಇಟ್ಟಿರುವುದು 2.1ಕ್ಕೆ. ಸಿಪ್ಪೆಯ ಚೂರು ಕೆಗ್ಗಿನ ಪಾಪೆಟ್ಟಿಗೆ (ಸಣ್ಣ ಸ್ಪ್ರಿಂಗ್ ವಾಲ್ವ್) ಸಿಕ್ಕಿ ಎರಡು ಸಲ ಕೆಗ್ ಬಿಚ್ಚಿಸಿತು. ಮಲ್ ಬಟ್ಟೆಯಲ್ಲಿ ಸೋಸಿದ್ದು ಸಾಲದು, ಪೇಪರ್ ಫಿಲ್ಟರ್ ಬೇಕು. ಬಣ್ಣ ಮಾತ್ರ ಕಣ್ಣಿಗೆ ಹಬ್ಬ.

ಸೋರಿಕೆ ನೋಡುವಾಗ ಕೆಗ್ ಬಿಚ್ಚಿಡಿ. ತಣ್ಣನೆಯ ಬಿಯರ್ ಗ್ಯಾಸ್ ಹೀರಿ ಮುಳ್ಳು ಇಳಿಯುತ್ತದೆ, ಇಲ್ಲದ ತೂತು ಹುಡುಕುತ್ತಾ ಸೋಪಿನ ನೀರು ಖಾಲಿಯಾಗುತ್ತದೆ. ಲೈನ್ ಮುಚ್ಚಿ 0.9ಕ್ಕೆ ಇಟ್ಟದ್ದು ಬೆಳಗ್ಗೆ 1.3 ಆಗಿದ್ದರೆ ರೆಗ್ಯುಲೇಟರಿನ ಒಳಗೆ ವಾಲ್ವ್ ಕೂರುವ ಸೀಟಿನಲ್ಲಿ ಕಸ ಸಿಕ್ಕಿದೆ, ಬಹುತೇಕ ಟೆಫ್ಲಾನ್ ಚೂರೇ. ಕಡಿಮೆ ಒತ್ತಡದ ಕಡೆಯ ಫಿಟ್ಟಿಂಗಿಗೆ ಟೇಪ್ ಸುತ್ತುವಾಗ ಮೊದಲ ಥ್ರೆಡ್ ಖಾಲಿ ಬಿಡಬೇಕು.

ಖರ್ಚು ನೆನಪಿನಿಂದ: ಮೊದಲ ರೆಗ್ಯುಲೇಟರ್ ಎರಡೂವರೆ ಸಾವಿರ, ಚಿಕ್ಕವು ಮೂರೂ ಸೇರಿ ನಾಲ್ಕರ ಹತ್ತಿರ, ರಿಲೀಫ್ ವಾಲ್ವ್, ಗೇಜ್, 6 ಮಿ.ಮೀ. ಪಿಯು ಟ್ಯೂಬ್, ಫಿಟ್ಟಿಂಗ್ ಎಲ್ಲ ಹಿಡಿದು ಎಂಟು ಸಾವಿರ ಚಿಲ್ಲರೆ. ವಿದೇಶಿ ಮೂರು ಬಾಡಿಯದಕ್ಕೆ ಸುಂಕ ಸೇರಿ ಇಪ್ಪತ್ತರ ಮೇಲೆ ಕೇಳಿದ್ದರು.

ಸಿಲಿಂಡರಿನಲ್ಲಿ ಉಳಿಸಲು ಹೋಗಬೇಡಿ. ಬೆಂಕಿ ಆರಿಸುವ ಹಳೆಯ ಸಿಲಿಂಡರಿನೊಳಗೆ ತಳದವರೆಗೆ ಕೊಳವೆ ಇರುತ್ತದೆ. ಗ್ಯಾಸಿನ ಬದಲು ದ್ರವವೇ ಬಂದು ರೆಗ್ಯುಲೇಟರಿನ ಒಳಗಿನ ಡಯಾಫ್ರಂ (ಒತ್ತಡಕ್ಕೆ ಬಾಗುವ ಪೊರೆ) ಹೆಪ್ಪುಗಟ್ಟಿ ಒಡೆಯುತ್ತದೆ. 19 ಲೀಟರಿನ ಕೆಗ್ಗಿಗೆ ಕಾರ್ಬೊನೇಟ್ ಮಾಡಲು ನೂರರ ಹತ್ತಿರ ಗ್ರಾಂ ಗ್ಯಾಸ್, ಬಿಯರನ್ನು ನಲ್ಲಿಗೆ ತಳ್ಳಲು 60–70. 5 ಕೆ.ಜಿ. ಸಿಲಿಂಡರಿಗೆ ಲೆಕ್ಕದಲ್ಲಿ 30 ಕೆಗ್, ನನಗೆ ಸಿಗುವುದು ಇಪ್ಪತ್ತರ ಆಸುಪಾಸು. ಉಳಿದದ್ದು ಕೆಗ್ಗಿನ ಗಾಳಿ ಹೊರಹಾಕುವುದರಲ್ಲಿ ಹೋಗುತ್ತದೆ. ದೊಡ್ಡ ಗೇಜ್ ನೋಡಿ ರೀಫಿಲ್ ದಿನ ಎಣಿಸಬೇಡಿ, ದ್ರವ ಮುಗಿಯುವವರೆಗೂ ಅದು ತೋರಿಸುವುದು ಬಿಸಿಲಿನ ಲೆಕ್ಕವನ್ನೇ. ಖಾಲಿ ತೂಕ ಸಿಲಿಂಡರಿನ ಹೆಗಲ ಮೇಲೆ ಕೊರೆದಿರುತ್ತದೆ. ತಕ್ಕಡಿಗಿಟ್ಟು ನೋಡಿ, ಅರ್ಧ ಕೆ.ಜಿ. ಉಳಿದಾಗ ರೀಫಿಲ್ಲಿಗೆ ಫೋನ್ ಮಾಡಿ.